ಹಳೆಯ ಟ್ರಕ್ಕಿನ ಹೀಟರು

ಬೇಸಗೆಯ ಮಧ್ಯಾಹ್ನ ಚಿತ್ರದುರ್ಗದ ಬಳಿ ಹೆದ್ದಾರಿಯ ಪಕ್ಕದಲ್ಲಿ ಲಾರಿ ನಿಲ್ಲಿಸಿ ಮರದ ನೆರಳಿನಲ್ಲಿ ಕುಳಿತಿರುವ ಚಾಲಕನನ್ನು, "ಅಣ್ಣಾ, ನಿಮ್ಮ ಕ್ಯಾಬಿನೊಳಕ್ಕೆ ಇನ್ನಷ್ಟು ಬಿಸಿಗಾಳಿ ಬರುವ ಹಾಗೆ ಮಾಡಿಕೊಡಲೆ?" ಎಂದು ಕೇಳಿ ನೋಡಿ. ಆತ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಬಿಸಿಲು ತಲೆಗೇರಿತೆ, ಸ್ವಾಮಿ?" ಎಂದು ಮರುಪ್ರಶ್ನೆ ಹಾಕಿಯಾನು. ಎಂಜಿನ್ನಿನ ಕಾವು ತಗಡನ್ನು ಹಾಯ್ದು ಬಂದು ಕಾಲಿಗೆ ತಟ್ಟುವುದೇ ಅವನಿಗೆ ಬೇಕಾದಷ್ಟಾಗಿರುತ್ತದೆ. ಆದುದರಿಂದ ಮೋಟಾರಿಗೊಂದು ಹೀಟರು ಎಂಬ ಮಾತು ನಮ್ಮಲ್ಲಿ ಬಹು ಮಂದಿಗೆ ಹಾಸ್ಯದಂತೆ ಕೇಳುವುದು ಸಹಜವೇ.

ಆದರೆ ಅಮೆರಿಕದ ಉತ್ತರದಂಚಿನ ಮಿನ್ನೆಸೋಟ, ಉತ್ತರ ಡಕೋಟ ರಾಜ್ಯಗಳ ಮಾತೇ ಬೇರೆ. ಜನವರಿ ತಿಂಗಳಿನಲ್ಲಿ ಅಲ್ಲಿಯ ಶೀತ ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯುವುದು ಅಪರೂಪವಲ್ಲ. ಕೆಲವು ರಾತ್ರಿ 30 ಡಿಗ್ರಿಗೂ ಕೆಳಗೆ ಹೋಗುವುದುಂಟು. ಅಂಥ ಕಡೆ ಹೀಟರು ಸುಖದ ಸಾಧನವಲ್ಲ, ಬ್ರೇಕಿನಷ್ಟೇ ಅಗತ್ಯವಾದ ಸಾಧನ. ಮುಂದಿನ ಗಾಜು ಮಂಜು ಹಿಡಿದು ದಾರಿಯೇ ಕಾಣದೆ ಹೋದರೆ ಬ್ರೇಕನ್ನು ಯಾವಾಗ ಒತ್ತಬೇಕೆಂಬುದಾದರೂ ತಿಳಿಯುವುದು ಹೇಗೆ? ಹೀಟರಿನ ಈ ಮಹತ್ವವೂ, ಅದು ಮಾತು ಕೇಳದೆ ಹೋದಾಗ ಏನು ಮಾಡಬೇಕೆಂಬುದೂ ನನಗೆ ಚೆನ್ನಾಗಿ ಮನವರಿಕೆಯಾದದ್ದು ಒಂದು ಹಳೆಯ ಪಿಕಪ್ ಟ್ರಕ್ಕಿನಿಂದ. ಆ ಕಥೆಯನ್ನೇ ಇಂದು ನಿಮಗೆ ಹೇಳುತ್ತೇನೆ.

ನಾನು ಮೋಟಾರು ಕಾರ್ಯಾಗಾರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ಮಿನ್ನೆಸೋಟದಲ್ಲಿರುವ ಮಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆ. ನೆರೆಮನೆಯಲ್ಲಿ ಒಬ್ಬ ವೃದ್ಧ ರೈತರಿದ್ದರು. ಅವರ ಬಳಿ 1960ರ ದಶಕದ ಕೊನೆಯ ಒಂದು ಪಿಕಪ್ ಇತ್ತು. ಮುಂದೆ ಇಬ್ಬರು ಮೂವರು ಕೂರುವ ಕ್ಯಾಬು, ಹಿಂದೆ ಹುಲ್ಲು, ಮೇವು, ಸೌದೆ ಹೇರಲು ತೆರೆದ ತೊಟ್ಟಿ. ಇಂಥ ಹಳೆಯ ಗಾಡಿಗಳನ್ನು ಅಲ್ಲಿ ಅನೇಕರು ಚಳಿಗಾಲದಲ್ಲಿ ಹೊರಗೆ ತೆಗೆಯುವುದಿಲ್ಲ. ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ತಗಡನ್ನು ತಿಂದು ಹಾಕುತ್ತದೆ. ಈ ರೈತರಾದರೋ ಗಾಡಿಯನ್ನು ಪ್ರದರ್ಶನಕ್ಕೆ ಇಟ್ಟವರಲ್ಲ, ದುಡಿಸುವವರು.

ಒಂದು ಸಂಜೆ ಅವರೊಡನೆ ಪೇಟೆಗೆ ಹೊರಟೆ. ಹತ್ತು ನಿಮಿಷ ಹೋಗುವುದರೊಳಗೆ ನಮ್ಮಿಬ್ಬರ ಉಸಿರೂ ಗಾಜಿಗೆ ಹಿಡಿದು, ಅಂಚಿನಿಂದ ನಡುವಿನವರೆಗೆ ಬೆಳ್ಳಗೆ ಪೊರೆ ಕಟ್ಟಿತು. ಅವರು ಗಾಜಿಗೆ ಬಿಸಿಗಾಳಿ ಬಿಡುವ ಲಿವರನ್ನು ಜಗ್ಗಿದರು. ಅದು ಬರಲಿಲ್ಲ. ಅಂಗೈಯಿಂದ ಗುದ್ದಿದರು, ಬಂತು, ಆದರೆ ಗಾಳಿ ಬರಲಿಲ್ಲ. ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ಬಟ್ಟೆ ಹಿಡಿದು ಅವರು ಗಾಜನ್ನು ಒರಸುತ್ತಿದ್ದಂತೆ, ಆ ಒರಸಿದ ಅಂಗೈಯಗಲದ ಕಿಂಡಿಯಲ್ಲಿ ಎದುರಿನ ಹಾಲಿನ ಟ್ಯಾಂಕರಿನ ದೀಪಗಳು ಥಟ್ಟನೆ ತೀರ ಹತ್ತಿರದಲ್ಲಿ ಕಂಡುವು. ನಮ್ಮ ಗಾಡಿ ಅರ್ಧ ಮೊಳದಷ್ಟು ನಡುಗೆರೆಯನ್ನು ದಾಟಿತ್ತು. ದೇವರ ದಯೆ, ಏನೂ ಆಗಲಿಲ್ಲ. ಅವರು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುಂದಿನ ತಿಂಗಳಿಂದ ಇದನ್ನು ನನ್ನ ಮೊಮ್ಮಗಳು ಶಾಲೆಗೆ ಓಡಿಸಿಕೊಂಡು ಹೋಗುವವಳಿದ್ದಾಳೆ" ಎಂದರು. ಅಷ್ಟೆ. ಮನೆಗೆ ಹಿಂದಿರುಗುವವರೆಗೆ ಬೇರೆ ಮಾತಿಲ್ಲ.

ಪೇಟೆಯ ಒಬ್ಬ ಮೆಕ್ಯಾನಿಕ್ ಈ ಮೊದಲೇ ಗಾಡಿಯನ್ನು ನೋಡಿ, ಡ್ಯಾಶ್‌ಬೋರ್ಡನ್ನು ಬಿಚ್ಚಿ ಹೀಟರಿನ ಇಡೀ ಪೆಟ್ಟಿಗೆಯನ್ನೇ ಬದಲಾಯಿಸಬೇಕೆಂದಿದ್ದನಂತೆ. ಅದಕ್ಕೆ ಅವನು ಹೇಳಿದ ಹಣ ಸಣ್ಣದಲ್ಲ. "ಭಾನುವಾರ ನಾವೇ ಒಮ್ಮೆ ನೋಡೋಣವೆ?" ಎಂದೆ. ಅವರು ಒಪ್ಪಿದರು.

ನಾವು ಏನು ನೋಡಿದೆವೆಂಬುದನ್ನು ಹೇಳುವ ಮುನ್ನ ಈ ಹೀಟರು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೀವು ತಿಳಿದುಕೊಳ್ಳಬೇಕು. ಅದು ಕಷ್ಟದ ವಿಷಯವೇನೂ ಅಲ್ಲ.

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯೆಲ್ಲವೂ ಚಕ್ರವನ್ನು ತಿರುಗಿಸುವುದಿಲ್ಲ. ಸುಮಾರಾಗಿ ಮೂರರಲ್ಲಿ ಒಂದು ಪಾಲು ಹೊಗೆಯೊಡನೆ ಹೋಗುತ್ತದೆ; ಇನ್ನೊಂದು ಪಾಲು ಎಂಜಿನ್ನಿನ ಸುತ್ತ ಹರಿಯುವ ನೀರಿಗೆ ಸೇರುತ್ತದೆ. ಈ ನೀರು 80ರಿಂದ 90 ಡಿಗ್ರಿಯವರೆಗೆ ಕಾಯ್ದು, ಮುಂಭಾಗದ ರೇಡಿಯೇಟರಿನಲ್ಲಿ ತಣಿದು ಮತ್ತೆ ಹಿಂದಿರುಗುತ್ತದೆ. ಹೇಗೂ ವ್ಯರ್ಥವಾಗುವ ಶಾಖವಲ್ಲವೆ? ಬಚ್ಚಲೊಲೆಯ ಮಗ್ಗುಲಲ್ಲಿ ನೀರಿನ ಚೊಂಬಿಟ್ಟು ಬಿಸಿಮಾಡಿಕೊಳ್ಳುವ ಗೃಹಿಣಿಯ ಜಾಣ್ಮೆಯೇ ಇಲ್ಲಿಯೂ. ಆ ಬಿಸಿನೀರಿನ ಒಂದು ಭಾಗವನ್ನು ಎರಡು ರಬ್ಬರ್ ಕೊಳವೆಗಳ ಮೂಲಕ ಕ್ಯಾಬಿನ ಬಳಿಗೆ ತಂದು, ದಪ್ಪ ಪುಸ್ತಕದಷ್ಟು ಗಾತ್ರದ ಇನ್ನೊಂದು ಪುಟ್ಟ ರೇಡಿಯೇಟರಿನಲ್ಲಿ ಹರಿಸುತ್ತಾರೆ. ಅದರ ಮೇಲೆ ಒಂದು ಫ್ಯಾನು ಗಾಳಿ ಬೀಸುತ್ತದೆ. ಆ ಗಾಳಿ ಬಿಸಿಯಾಗಿ ನಿಮ್ಮ ಕಾಲಿಗೋ ಮುಂದಿನ ಗಾಜಿಗೋ ಬರುತ್ತದೆ. ಹೀಟರೆಂದರೆ ಇಷ್ಟೆ.

ಆರಂಭದಲ್ಲಿ ಇದು ಬೇಕಾದವರು ಹೆಚ್ಚು ಹಣ ಕೊಟ್ಟು ಕೂಡಿಸಿಕೊಳ್ಳುವ ಸಾಮಾನಾಗಿತ್ತು. 1938ರಲ್ಲಿ ನ್ಯಾಷ್ ಕಂಪೆನಿ, ಮುಂದೆ 'ವೆದರ್ ಐ' ಎಂದು ಹೆಸರಾದ, ಹೊರಗಿನ ಗಾಳಿಯನ್ನು ಒಳಗೆಳೆದು ಸೋಸಿ ಬಿಸಿಮಾಡಿ ಕೊಡುವ ವ್ಯವಸ್ಥೆಯನ್ನು ತನ್ನ ಕಾರುಗಳಿಗೆ ತಂದಿತು. 1947ರಲ್ಲಿ ಷೆವ್ರೊಲೆ ಕಂಪೆನಿ ಹೊಸ ಮಾದರಿಯ ಟ್ರಕ್ಕುಗಳನ್ನು ಹೊರಡಿಸಿದಾಗ ಅದನ್ನು 'ಉಸಿರಾಡುವ ಕ್ಯಾಬು' ಎಂದು ಸಾರಿತು. ಹೊರಗಿನ ಗಾಳಿಗೆ ಇಷ್ಟೊಂದು ಮಹತ್ವವೇಕೆ? ಕ್ಯಾಬಿನಲ್ಲಿ ಕುಳಿತವರ ಉಸಿರಿನಲ್ಲಿ ನೀರಿನ ಆವಿಯಿದೆ. ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಆ ತೇವ ಹೆಚ್ಚುತ್ತಾ ಹೋಗಿ ತಣ್ಣಗಿರುವ ಗಾಜಿನ ಮೇಲೆ ಕೂರುತ್ತದೆ. ಚಳಿಗಾಲದ ಹೊರಗಾಳಿಯಲ್ಲಿಯಾದರೋ ತೇವ ಬಹಳ ಕಡಿಮೆ. ಅದನ್ನು ಬಿಸಿಮಾಡಿ ಗಾಜಿಗೆ ಬಿಟ್ಟರೆ, ಅದು ಗಾಜನ್ನೂ ಬೆಚ್ಚಗೆ ಮಾಡುತ್ತದೆ, ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಆಗುಂಬೆಯ ಘಟ್ಟವನ್ನು ಬಸ್ಸಿನಲ್ಲಿ ಇಳಿದವರಿಗೆ ಈ ಮಂಜಿನ ಪರಿಚಯ ಇದ್ದೇ ಇದೆ. ಚಾಲಕ ತಿರುವು ತಿರುವಿಗೂ ಬಟ್ಟೆಯಿಂದ ಗಾಜು ಒರಸುವುದನ್ನು ಅವರು ನೋಡಿರುತ್ತಾರೆ. ಅಮೆರಿಕದಲ್ಲಿ 1968ರ ಆರಂಭದಿಂದ ಜಾರಿಗೆ ಬಂದ ಸುರಕ್ಷತಾ ನಿಯಮಗಳಲ್ಲಿ, ಮುಂದಿನ ಗಾಜಿನ ಮಂಜು ತೊಲಗಿಸುವ ವ್ಯವಸ್ಥೆಗೇ ಒಂದು ಪ್ರತ್ಯೇಕ ನಿಯಮವಿತ್ತು.

ಇನ್ನು ಹತೋಟಿಯ ವಿಚಾರ. ಫ್ಯಾನಿನಿಂದ ಹೊರಟ ಗಾಳಿ ಎಲ್ಲಿಗೆ ಹೋಗಬೇಕು, ಎಷ್ಟು ಬಿಸಿಯಿರಬೇಕು ಎಂಬುದನ್ನು ಪೆಟ್ಟಿಗೆಯೊಳಗಿನ ಪುಟ್ಟ ಕದಗಳು ನಿರ್ಧರಿಸುತ್ತವೆ. ಒಂದು ಕದ ಹೊರಗಿನ ಗಾಳಿಗೆ ದಾರಿ ಬಿಡುತ್ತದೆ. ಇನ್ನೊಂದು, ಬಿಸಿಗಾಳಿಯನ್ನೂ ತಣ್ಣನೆಯ ಗಾಳಿಯನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುತ್ತದೆ; ನಾವು ಸ್ನಾನಕ್ಕೆ ಬಿಸಿನೀರು ತಣ್ಣೀರು ಬೆರೆಸಿಕೊಂಡಂತೆ. ಕೆಲವು ಗಾಡಿಗಳಲ್ಲಿ ಈ ಕದಕ್ಕೆ ಬದಲಾಗಿ ಬಿಸಿನೀರಿನ ಕೊಳವೆಗೇ ಒಂದು ನಲ್ಲಿ ಇರುತ್ತದೆ. ಮೂರನೆಯ ಕದ ಗಾಳಿಯನ್ನು ಕಾಲಿನ ಕಡೆಯಿಂದ ಗಾಜಿನ ಕಡೆಗೆ ತಿರುಗಿಸುತ್ತದೆ. ಡ್ಯಾಶ್‌ಬೋರ್ಡಿನ ಲಿವರುಗಳಿಂದ ಈ ಕದಗಳಿಗೆ ಒಂದೊಂದು ಕೇಬಲ್ಲು ಹೋಗುತ್ತದೆ. ಉದಾಹರಣೆಗೆ 1967ರಿಂದ 1972ರವರೆಗಿನ ಷೆವ್ರೊಲೆ ಪಿಕಪ್ಪುಗಳಲ್ಲಿ ಗಾಳಿಗೊಂದು, ಶಾಖಕ್ಕೊಂದು, ಗಾಜಿಗೊಂದು ಎಂದು ಮೂರು ಕೇಬಲ್ಲುಗಳು. ವಿದ್ಯುತ್ತಿನ ನಂಟು ಫ್ಯಾನಿಗೆ ಮಾತ್ರ, ಉಳಿದುದೆಲ್ಲ ಕೈಬಲ.

ಕೇಬಲ್ಲೆಂದರೆ ನಿಮಗೆ ಹೊಸದಲ್ಲ. ಸುರುಳಿ ಸುತ್ತಿದ ಉಕ್ಕಿನ ಹೊರಕೊಳವೆಯೊಳಗೆ ಒಂದು ತಂತಿ ಜಾರುವ ಈ ಉಪಾಯಕ್ಕೆ ಅರ್ನೆಸ್ಟ್ ಬೌಡನ್ ಎಂಬಾತ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ. ಸೈಕಲ್ಲಿನ ಬ್ರೇಕಿಗೂ ಸ್ಕೂಟರಿನ ಕ್ಲಚ್ಚಿಗೂ ಇರುವುದು ಇದೇ. ಆದರೆ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಸೈಕಲ್ಲಿನ ತಂತಿ ಹಲವು ಎಳೆಗಳನ್ನು ಹೊಸೆದದ್ದು. ಅದು ಎಳೆಯಬಲ್ಲದು, ತಳ್ಳಲಾರದು. ಹಿಂದಕ್ಕೆ ತರುವ ಕೆಲಸ ಸ್ಪ್ರಿಂಗಿನದು. ಹಳೆಯ ಸ್ಕೂಟರುಗಳಲ್ಲಿ ಗೇರು ಬದಲಾಯಿಸಲು ಎರಡು ಕೇಬಲ್ಲುಗಳಿದ್ದುದೂ ಇದಕ್ಕೇ: ಅತ್ತ ಎಳೆಯಲು ಒಂದು, ಇತ್ತ ಎಳೆಯಲು ಒಂದು. ಹೀಟರಿನ ಕೇಬಲ್ಲಿನಲ್ಲಿರುವುದು ಒಂದೇ ಎಳೆಯ ಗಟ್ಟಿ ಉಕ್ಕಿನ ತಂತಿ. ಅದು ಎಳೆಯುತ್ತದೆ, ತಳ್ಳುತ್ತದೆ, ಎರಡನ್ನೂ ಒಂದೇ ಮಾಡುತ್ತದೆ. ಹೀಗಾಗಿ ಅದು ಎಲ್ಲಿಯೂ ಮುರಿದಂತೆ ಬಾಗಬಾರದು. ಒಮ್ಮೆ ಗೆಣ್ಣಿನಂತೆ ಮಡಿಕೆ ಬಿದ್ದರೆ ಆ ತಂತಿಯ ತಳ್ಳುವ ಶಕ್ತಿ ಹೋಯಿತು. ಹಾಗೆಯೇ ಹೊರಕೊಳವೆಯನ್ನು ಎರಡು ತುದಿಯಲ್ಲಿಯೂ ಒಂದೊಂದು ಕ್ಲಿಪ್ಪು ಭದ್ರವಾಗಿ ಹಿಡಿದಿರಬೇಕು. ಕೊಳವೆ ಕದಲದೆ ನಿಂತರೆ ಮಾತ್ರ ಒಳಗಿನ ತಂತಿ ಕೆಲಸ ಮಾಡೀತು.

ಈಗ ಆ ಭಾನುವಾರಕ್ಕೆ ಬರೋಣ. ನಮ್ಮ ವೃದ್ಧ ಮಿತ್ರರು ಬಂದವರೇ ದೊಡ್ಡ ಇಕ್ಕಳ ಹಿಡಿದು ಲಿವರಿನ ಬಳಿಗೆ ಹೊರಟರು. ನಾನು ತಡೆದೆ. ಲಿವರು ಬಿಗಿಯಾಗಿದೆ ಎಂದರೆ ಕೆಟ್ಟಿರುವುದು ಲಿವರೇ ಎಂದು ಅರ್ಥವಲ್ಲ. ಕೈಗೆ ತಿಳಿಯುವುದು ನೋವು ಮಾತ್ರ, ರೋಗ ಇರುವ ಜಾಗವಲ್ಲ. ಲಿವರಿನಿಂದ ಕದದವರೆಗೆ ದಾರಿಯುದ್ದಕ್ಕೂ ಒಂದೊಂದು ಮೆಟ್ಟಿಲು ನೋಡುತ್ತಾ ಹೋಗಬೇಕು. ನೀವು ಮಾಡುವುದಾದರೂ ಈ ಕ್ರಮದಲ್ಲಿಯೇ ಮಾಡಿ.

ಮೊದಲನೆಯದು ನೀರು. ಎಂಜಿನ್ನನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಹೀಟರಿನ ಶಾಖದ ಲಿವರನ್ನು ಪೂರ್ತಿ ಬಿಸಿಯ ಕಡೆಗಿಟ್ಟು, ಎಂಜಿನ್ನನ್ನು ನಿಲ್ಲಿಸಿ, ಬಾನೆಟ್ಟು ಎತ್ತಿ, ಹೀಟರಿಗೆ ಹೋಗುವ ಎರಡು ರಬ್ಬರ್ ಕೊಳವೆಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಎರಡೂ ಬಿಸಿಯಾಗಿದ್ದರೆ ನೀರು ಹರಿಯುತ್ತಿದೆ. ದೋಷ ಗಾಳಿಯ ಕಡೆಗಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ನಡುವೆ ಕಸ ಕಟ್ಟಿದೆ, ಇಲ್ಲವೆ ನಲ್ಲಿ ಮುಚ್ಚಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದರೆ ಎಂಜಿನ್ನಿನ ಥರ್ಮೋಸ್ಟಾಟು ತೆರೆದೇ ನಿಂತಿದೆ, ಅಥವಾ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿದೆ. ನಮ್ಮ ಗಾಡಿಯಲ್ಲಿ ಎರಡೂ ಬಿಸಿಯಾಗಿದ್ದುವು. ಪೆಟ್ಟಿಗೆಯನ್ನು ಬದಲಾಯಿಸುವ ಮಾತು ಅಲ್ಲಿಗೇ ಅರ್ಧ ಬಿದ್ದುಹೋಯಿತು.

ಎರಡನೆಯದು ಫ್ಯಾನು. ಅದು ತಿರುಗದೇ ಇದ್ದರೆ ಫ್ಯೂಸು, ಸ್ವಿಚ್ಚು, ಭೂಮಿಗೆ ಸೇರುವ ತಂತಿ ಇವನ್ನು ಕ್ರಮವಾಗಿ ನೋಡಬೇಕು. ಅತ್ಯಂತ ವೇಗದಲ್ಲಿ ಮಾತ್ರ ತಿರುಗಿ, ನಿಧಾನದ ವೇಗಗಳಲ್ಲಿ ನಿಂತುಬಿಟ್ಟರೆ ಸಾಮಾನ್ಯವಾಗಿ ಕೆಟ್ಟಿರುವುದು ರೆಸಿಸ್ಟರು. ಅದು ಇಸ್ತ್ರಿಪೆಟ್ಟಿಗೆಯ ತಂತಿಯಂಥದೇ ಒಂದು ಸುರುಳಿ. ಫ್ಯಾನಿಗೆ ಹೋಗುವ ವಿದ್ಯುತ್ತನ್ನು ಕಡಿಮೆ ಮಾಡಿ ವೇಗವನ್ನು ತಗ್ಗಿಸುವುದು ಅದರ ಕೆಲಸ. ಹಾಗೆ ಮಾಡುವಾಗ ತಾನು ಕಾಯುವುದರಿಂದ ಅದನ್ನು ಗಾಳಿಯ ದಾರಿಯಲ್ಲಿಯೇ ಇಟ್ಟಿರುತ್ತಾರೆ. ಪೂರ್ಣ ವೇಗದಲ್ಲಿ ವಿದ್ಯುತ್ತು ಅದರ ಮೂಲಕ ಹೋಗುವುದಿಲ್ಲವಾದ್ದರಿಂದ, ಅದು ಸುಟ್ಟರೂ ಆ ಒಂದು ವೇಗ ಉಳಿಯುತ್ತದೆ. ನಮ್ಮ ಗಾಡಿಯ ಫ್ಯಾನು ಎಲ್ಲ ವೇಗಗಳಲ್ಲಿಯೂ ಸುಸೂತ್ರವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ. ಫ್ಯೂಸು ಮತ್ತೆ ಮತ್ತೆ ಸುಡುತ್ತದೆಂದು ಅದರ ಬದಲು ದಪ್ಪ ತಂತಿಯನ್ನು ಸಿಕ್ಕಿಸುವ ಚಾಳಿ ನಮ್ಮ ಮನೆಗಳಲ್ಲಿಯೂ ಇದೆ, ಅವರ ಗಾಡಿಗಳಲ್ಲಿಯೂ ಇದೆ. ಫ್ಯೂಸು ಸುಡುವುದು ನಿಮ್ಮನ್ನು ಪೀಡಿಸಲು ಅಲ್ಲ, ಗಾಡಿಯನ್ನು ಸುಡದಿರಲು. ಅದೇ ಅಳತೆಯ ಫ್ಯೂಸನ್ನೇ ಹಾಕಿ, ಅದು ಸುಟ್ಟ ಕಾರಣವನ್ನು ಹುಡುಕಿ.

ಮೂರನೆಯದು ಕೇಬಲ್ಲು ಮತ್ತು ಕದ. ಇದಕ್ಕೆ ಇಬ್ಬರು ಬೇಕು. ಬ್ಯಾಟರಿಯ ತಂತಿಯನ್ನು ಮೊದಲು ಕಳಚಿ. ಒಬ್ಬರು ಲಿವರನ್ನು ಮೆಲ್ಲಗೆ ಆಡಿಸಲಿ. ಇನ್ನೊಬ್ಬರು ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ನೋಡಲಿ. ಮಲಗುವ ಭಾಗ್ಯ ನನ್ನದಾಯಿತು. ನಮ್ಮ ಮಿತ್ರರು ಗಾಜಿನ ಲಿವರನ್ನು ತಳ್ಳಿದೊಡನೆ ದೋಷ ಕಣ್ಣಿಗೆ ಬಿತ್ತು. ತಂತಿ ಕದಲಲಿಲ್ಲ, ಅದರ ಬದಲು ಹೊರಕೊಳವೆಯೇ ಬಿಲ್ಲಿನಂತೆ ಬಾಗಿ ಎದ್ದಿತು. ಲಿವರನ್ನು ಹಿಂದಕ್ಕೆಳೆದರೆ ಮತ್ತೆ ನೆಟ್ಟಗಾಯಿತು. ಕದ ಮಾತ್ರ ಇದ್ದಲ್ಲಿಯೇ ಇತ್ತು. ಕೊಳವೆಯನ್ನು ಕದದ ಬಳಿ ಹಿಡಿದಿರಬೇಕಾದ ಕ್ಲಿಪ್ಪು ಇರಲಿಲ್ಲ. ಕೆಳಗೆ ರಬ್ಬರ್ ಹಾಸಿನ ಅಡಿಯಲ್ಲಿ, ಒಣಹುಲ್ಲಿನ ನಡುವೆ ಅದು ಸಿಕ್ಕಿತು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ತಗಡಿನ ಚೂರು, ಬಾಯಿ ಅಗಲಿಸಿಕೊಂಡು ಬಿದ್ದಿತ್ತು.

"ಸಿಕ್ಕಿತಲ್ಲ! ಹಾಕಿಬಿಡಿ" ಎಂದರು ಅವರು. ಕಾರ್ಯಾಗಾರದಲ್ಲಿ ಬಹುಪಾಲು ರಿಪೇರಿಗಳು ಕೆಡುವುದು ಈ ಘಟ್ಟದಲ್ಲಿಯೇ. ಕ್ಲಿಪ್ಪು ತಾನಾಗಿ ಬಾಯಿ ಬಿಟ್ಟೀತೆ? ಅದನ್ನು ಅಗಲಿಸಿದ ಬಲವೊಂದು ಇರಲೇಬೇಕು. ಆದುದರಿಂದ ಕೇಬಲ್ಲಿನ ತುದಿಯ ಕುಣಿಕೆಯನ್ನು ಕದದ ಮೊಳೆಯಿಂದ ಬಿಡಿಸಿ, ಮೂರು ಭಾಗಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದೆವು. ಲಿವರು ಸಲೀಸಾಗಿ ಆಡಿತು. ತಂತಿಯನ್ನು ಕೈಯಿಂದ ಎಳೆದರೆ ಕೊಳವೆಯೊಳಗೆ ಸರಾಗವಾಗಿ ಜಾರಿತು. ಕದವನ್ನು ಬೆರಳಿನಿಂದ ಒತ್ತಿದೆ, ಕಲ್ಲಿನಂತೆ ಕೂತಿತ್ತು! ಅದರ ಕೀಲಿನಲ್ಲಿ ತುಕ್ಕು ಹಿಡಿದಿತ್ತು. ಅಂಚಿಗೆ ಅಂಟಿಸಿದ್ದ ಮೆತ್ತೆ ಪುಡಿಯಾಗಿ ಸಂದಿಗೆ ತುಂಬಿಕೊಂಡಿತ್ತು. ಜೊತೆಗೆ ಇಲಿಯೊಂದು ತಂದಿಟ್ಟ ಹುಲ್ಲು.

ಆಗ ರೋಗದ ಕಥೆ ಪೂರ್ತಿ ತಿಳಿಯಿತು. ಮೊದಲು ಕೀಲು ಬಿಗಿಯಾಯಿತು. ಲಿವರು ತುಸು ಗಟ್ಟಿಯಾದಂತೆ ತೋರಿತು. ಆಗ ಎರಡು ಹನಿ ಎಣ್ಣೆ ಸಾಕಾಗುತ್ತಿತ್ತು. ಎಣ್ಣೆಯ ಬದಲು ಬಲ ಬಿತ್ತು. ಕದ ಕದಲದೆ ಇದ್ದುದರಿಂದ ಆ ಬಲವೆಲ್ಲ ಕ್ಲಿಪ್ಪಿನ ಮೇಲೆ ಬಿದ್ದು ಅದು ದಿನದಿನಕ್ಕೂ ಬಾಯಿ ಬಿಡುತ್ತಾ ಬಂತು. ಆ ಸಂಜೆಯ ಗುದ್ದಿಗೆ ಹಾರಿಹೋಯಿತು. ಮೊದಲ ದೋಷ ತುಕ್ಕಿನದು, ಎರಡನೆಯದು ನಮ್ಮದೇ ಕೈಯದು. ಎರಡನೆಯದನ್ನು ಮಾತ್ರ ಸರಿಮಾಡಿ ಮನೆಗೆ ಹೋಗಿದ್ದರೆ, ಹೊಸ ಕ್ಲಿಪ್ಪು ಸಹ ಒಂದು ತಿಂಗಳಲ್ಲಿ ಹಾರುತ್ತಿತ್ತು. ಅಷ್ಟು ಹೊತ್ತಿಗೆ ಚಕ್ರದ ಮುಂದೆ ಕೂತಿರುತ್ತಿದ್ದವಳು ಆ ಹುಡುಗಿ.

ದುರಸ್ತಿಗೆ ಒಂದು ಮಧ್ಯಾಹ್ನ ಹಿಡಿಯಿತು. ಕಸವನ್ನು ತೆಗೆದು, ಕೀಲಿಗೆ ತುಕ್ಕು ಬಿಡಿಸುವ ತೆಳುವಾದ ಎಣ್ಣೆ ಹಾಕಿ ಕಾದೆವು. ಕದವನ್ನು ಒಮ್ಮೆಲೇ ತಳ್ಳದೆ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಆಡಿಸುತ್ತಾ ಬಂದೆವು. ಅರ್ಧ ಗಂಟೆಯಲ್ಲಿ ಅದು ತನ್ನ ಭಾರಕ್ಕೆ ತಾನೇ ಬೀಳುವಷ್ಟು ಸಡಿಲವಾಯಿತು. ಅಂಚಿಗೆ ಹೊಸ ಮೆತ್ತೆಯನ್ನು ಅಂಟಿಸಿದೆವು. ಅದಿಲ್ಲದಿದ್ದರೆ ಕದ ಮುಚ್ಚಿದರೂ ಗಾಳಿ ಸೋರುತ್ತದೆ. ಗಟ್ಟಿ ಗ್ರೀಸನ್ನು ಇಂಥ ಕಡೆ ಬಳಿಯಬಾರದು. ಅದು ಕಡುಚಳಿಯಲ್ಲಿ ಮೇಣದಂತಾಗಿ, ಹೋದ ಬಿಗಿಯನ್ನು ತಾನೇ ಮತ್ತೆ ತರುತ್ತದೆ.

ಕೇಬಲ್ಲು ನಮ್ಮ ಗಾಡಿಯಲ್ಲಿ ಚೆನ್ನಾಗಿತ್ತು. ನಿಮಗೆ ಸಿಕ್ಕುವ ಗಾಡಿಯಲ್ಲಿ ಅದು ತುಕ್ಕು ಹಿಡಿದಿದ್ದರೆ, ಬಿಚ್ಚಿ ಒಂದು ತುದಿಯನ್ನು ಮೇಲಕ್ಕೆ ತೂಗುಹಾಕಿ, ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಇಳಿಯಬಿಟ್ಟು, ತಂತಿಯನ್ನು ಮೇಲೆ ಕೆಳಗೆ ಆಡಿಸಿ. ತಂತಿಯಲ್ಲಿ ಮಡಿಕೆ ಬಿದ್ದಿದ್ದರೆ ಅದನ್ನು ನೇರ ಮಾಡಲು ಹೋಗಬೇಡಿ, ಬದಲಾಯಿಸಿ. ಜನಪ್ರಿಯವಾದ ಹಳೆಯ ಮಾದರಿಗಳಿಗೆ ಬೇಕಾದ ಹೊಸ ಕೇಬಲ್ಲುಗಳನ್ನು ಇಂದಿಗೂ ಅಲ್ಲಿ ತಯಾರಿಸಿ ಮಾರುತ್ತಾರೆ. ಹಳೆಯದನ್ನು ತೆಗೆಯುವ ಮುನ್ನ ಅದು ಎಲ್ಲಿ ಹಾದು ಎಲ್ಲಿ ಬಾಗಿದೆ ಎಂಬುದನ್ನು ಕೈಯಲ್ಲಿರುವ ಫೋನಿನಿಂದ ಒಂದು ಚಿತ್ರ ತೆಗೆದುಕೊಳ್ಳಿ. ಹೊಸದನ್ನು ಅದೇ ದಾರಿಯಲ್ಲಿ, ಅಷ್ಟೇ ನಿಧಾನವಾದ ಬಾಗುವಿಕೆಯಲ್ಲಿ ಹಾಯಿಸಿ.

ಕೊನೆಯದು ಹೊಂದಾಣಿಕೆ. ಇದನ್ನು ಮರೆತರೆ ಮಾಡಿದ ಕೆಲಸವೆಲ್ಲ ಅರೆಯಾಗುತ್ತದೆ. ತಂತಿಯ ಕುಣಿಕೆಯನ್ನು ಕದದ ಮೊಳೆಗೆ ಸಿಕ್ಕಿಸಿ, ಕ್ಲಿಪ್ಪನ್ನು ಬಿಗಿಯುವ ಮುನ್ನ, ಲಿವರನ್ನು ಅದರ ಓಟದ ತುದಿಗೆ ಸುಮಾರು 3 ಮಿಲಿಮೀಟರು ಇರುವಂತೆ ನಿಲ್ಲಿಸಿ. ಕದವನ್ನು ಕೈಯಿಂದ ಪೂರ್ತಿ ಮುಚ್ಚಿ ಹಿಡಿಯಿರಿ. ಆ ಸ್ಥಿತಿಯಲ್ಲಿ ಕೊಳವೆಯನ್ನು ಕ್ಲಿಪ್ಪಿನಲ್ಲಿ ಬಿಗಿಯಿರಿ. ಹೀಗೆ ಮಾಡಿದರೆ ಲಿವರು ತುದಿ ಮುಟ್ಟುವುದಕ್ಕಿಂತ ಮೊದಲೇ ಕದ ಮುಚ್ಚಿಕೊಳ್ಳುತ್ತದೆ. ಲಿವರನ್ನು ತುದಿಯವರೆಗೆ ಒತ್ತಿ ಬಿಟ್ಟಾಗ ಅದು ಒಂದಿಷ್ಟು ಹಿಂದಕ್ಕೆ ಚಿಮ್ಮಿದರೆ ಹೊಂದಾಣಿಕೆ ಸರಿಯಾಗಿದೆ ಎಂದು ತಿಳಿಯಿರಿ. ಇನ್ನೊಂದು ತುದಿಯಲ್ಲಿಯೂ ಕದ ಪೂರ್ತಿ ತೆರೆಯುತ್ತದೆಯೆ ಎಂದು ನೋಡಲು ಮರೆಯಬೇಡಿ.

ಇಂಥ ಕೆಲಸ ಮಾಡುವವರು ಮರೆಯಬಾರದ ಮಾತುಗಳು ಇನ್ನು ಮೂರಿವೆ. ಎಂಜಿನ್ನು ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬೇಡಿ. ಒತ್ತಡದಲ್ಲಿರುವ ನೀರು ಮುಖಕ್ಕೆ ಎರಚುತ್ತದೆ. ಎರಡನೆಯದಾಗಿ, ಚಳಿನಾಡಿನಲ್ಲಿ ಆ ನೀರು ಹೆಪ್ಪುಗಟ್ಟದಿರಲೆಂದು ಬೆರೆಸುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದರೆ ಮಕ್ಕಳೂ ನಾಯಿಗಳೂ ನೆಕ್ಕದಂತೆ ಕೂಡಲೇ ಒರಸಿ ತೆಗೆಯಬೇಕು. ಕ್ಯಾಬಿನೊಳಗೇ ಸಿಹಿಯಾದ ವಾಸನೆ ಬಂದು, ಗಾಜಿನ ಮೇಲೆ ಜಿಡ್ಡಿನ ಪೊರೆ ಕೂತರೆ ಹೀಟರಿನ ಪುಟ್ಟ ರೇಡಿಯೇಟರು ಸೋರುತ್ತಿದೆಯೆಂದು ಅರ್ಥ. ಅದನ್ನು ಎಣ್ಣೆಯಿಂದಲೂ ಕ್ಲಿಪ್ಪಿನಿಂದಲೂ ಸರಿಪಡಿಸಲಾಗದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹೊರಗೆ ಚಳಿಯೆಂದು ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಒಳಗೆ ಎಂಜಿನ್ನನ್ನು ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಂದದ್ದು ತಿಳಿಯುವುದರೊಳಗೆ ಪ್ರಾಣ ಹೋಗಿರುತ್ತದೆ.

ಕತ್ತಲಾಗುವ ಹೊತ್ತಿಗೆ ಬ್ಯಾಟರಿಯ ತಂತಿಯನ್ನು ಸೇರಿಸಿ, ಬಾಗಿಲು ತೆರೆದು ಗಾಡಿಯನ್ನು ಅಂಗಳಕ್ಕೆ ತಂದೆವು. ಇಬ್ಬರೂ ಒಳಗೆ ಕೂತು ಬೇಕೆಂದೇ ಗಾಜಿನ ಮೇಲೆ ಉಸಿರು ಬಿಟ್ಟೆವು. ಗಾಜು ಬೆಳ್ಳಗಾಯಿತು. "ಈಗ ತಳ್ಳಿ, ಒಂದೇ ಬೆರಳಿನಿಂದ" ಎಂದೆ. ಲಿವರು ಬೆಣ್ಣೆಯಲ್ಲಿ ಸರಿದಂತೆ ಸರಿಯಿತು. ಗಾಜಿನ ಬುಡದಿಂದ ಎರಡು ಬೀಸಣಿಗೆಗಳು ಬಿಚ್ಚಿಕೊಂಡಂತೆ ತಿಳಿಯಾದ ಜಾಗ ಮೇಲಕ್ಕೆ ಹಬ್ಬಿತು. ಎದುರಿನ ಮನೆಯ ದೀಪ, ಬೇಲಿ, ಬೇಲಿಯ ಮೇಲಿನ ಹಿಮ ಎಲ್ಲವೂ ಕಂಡುವು.

ಮಾರನೆಯ ವಾರ ಅವರ ಮೊಮ್ಮಗಳು ಬಂದಳು. ಅಜ್ಜ ಅವಳಿಗೆ ಗಾಡಿ ಕಲಿಸಿದ ಮೊದಲ ಪಾಠವನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಕ್ಲಚ್ಚು, ಗೇರು ಆಮೇಲೆ ಬಂದುವು. ಮೊದಲು ಅವರು ಅವಳ ಕೈಯನ್ನು ಹೀಟರಿನ ಲಿವರಿನ ಮೇಲೆ ಇಡಿಸಿ ಏನೋ ಹೇಳಿದರು. ಏನು ಹೇಳಿದಿರೆಂದು ಸಂಜೆ ಕೇಳಿದೆ. "ಇದು ಎಂದಾದರೂ ಗಟ್ಟಿಯಾಯಿತೆಂದು ತೋರಿದರೆ ತಳ್ಳಬೇಡ, ಗಾಡಿ ನಿಲ್ಲಿಸಿ ನನ್ನನ್ನು ಕೂಗು ಎಂದೆ" ಎಂದರು.

ನಮ್ಮ ಊರಿನ ಗಾಡಿಗಳಿಗೆ ಹೀಟರಿನ ಗೊಡವೆ ಹೆಚ್ಚಿಲ್ಲ. ಆದರೆ ಬಿಗಿಯಾದ ನಲ್ಲಿ, ತಿರುಗದ ಬೀಗ, ಹಿಡಿದುಕೊಂಡ ಸೈಕಲ್ಲಿನ ಬ್ರೇಕು ಯಾರ ಮನೆಯಲ್ಲಿಲ್ಲ? ಅವು ಮಾತು ಕೇಳದಾಗ ಕೈ ತಾನಾಗಿ ಬಲದ ಕಡೆಗೆ ಹೋಗುತ್ತದೆ. ಆಗ ಅರೆಗಳಿಗೆ ನಿಂತು, ದಾರಿಯನ್ನು ಒಮ್ಮೆ ಕೊನೆಯವರೆಗೆ ನೋಡಿ. ಎರಡು ಹನಿ ಎಣ್ಣೆಯಲ್ಲಿ ಮುಗಿಯುವ ಕೆಲಸವನ್ನು ಗುದ್ದಿನಿಂದ ದೊಡ್ಡದು ಮಾಡಿಕೊಳ್ಳಬೇಡಿ.